ಹೆಬ್ಬೆರಳು ದಪ್ಪದ ಹಸಿರು ವೈರು

ದಪ್ಪಣ್ಣ ಎಂದ ಕೂಡಲೇ ಹೊಟ್ಟೆ ಮುಂದೆ ಬಿಟ್ಟುಕೊಂಡು ಬರುವ ಆಸಾಮಿ ನಿಮ್ಮ ಕಣ್ಣಿಗೆ ಕಟ್ಟಿದರೆ ಮೋಸಹೋದಿರಿ. ಅವನು ಒಣಕಡ್ಡಿ. ಅಂಗಿ ಮೊಳೆಗೆ ನೇತು ಹಾಕಿದ್ದೋ ಅವನ ಮೈಮೇಲೇ ಇರುವುದೋ ಎಂದು ದೂರದಿಂದ ಹೇಳುವುದು ಕಷ್ಟ. ಆ ಹೆಸರು ಅವನಿಗೆ ಬಂದದ್ದು ಮೈಯಿಂದಲ್ಲ, ಬಾಯಿಂದ.

ಕೆಲಸ, ವಿದ್ಯುತ್ ತಪಾಸಣೆಯ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಮನೆಯೇ ಏಳಲಿ, ಅಂಗಡಿಯೇ ಏಳಲಿ, ಅವನು ಬಂದು ನೋಡಿ ಸಹಿ ಹಾಕದೆ ಅಲ್ಲಿ ಒಂದು ಬಲ್ಬು ಉರಿಯುವಂತಿಲ್ಲ. ಬಂದವನು ದೀಪ ನೋಡುತ್ತಿರಲಿಲ್ಲ, ಫ್ಯಾನು ನೋಡುತ್ತಿರಲಿಲ್ಲ, ಮನೆಯವರ ಮುಖವನ್ನಂತೂ ನೋಡುತ್ತಲೇ ಇರಲಿಲ್ಲ. ನೆಟ್ಟಗೆ ಮೇನ್ ಬೋರ್ಡಿನ ಹತ್ತಿರ ಹೋಗಿ, ಅದರ ಬಾಗಿಲು ತೆಗೆದು, ಒಳಗಿನ ಹಸಿರು ವೈರನ್ನು ಎರಡು ಬೆರಳಲ್ಲಿ ಹಿಡಿದು, ಬತ್ತಿ ಹೊಸೆದ ಹಾಗೆ ಒಮ್ಮೆ ಹೊಸೆದು, "ಇನ್ನೂ ದಪ್ಪ ಹಾಕಿ" ಎನ್ನುತ್ತಿದ್ದ. ಮತ್ತೆ ಬಂದಾಗ ದಪ್ಪ ಹಾಕಿದ್ದರೆ, "ಇನ್ನೂ ಸ್ವಲ್ಪ" ಎನ್ನುತ್ತಿದ್ದ. ಹೀಗಾಗಿ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿಯಿತು.

ಹಸಿರು ವೈರೆಂದರೆ ಅರ್ಥ್ ವೈರು. ಗೀಸರೋ ಫ್ರಿಜ್ಜೋ ಒಳಗೊಳಗೇ ಕೆಟ್ಟು ಅದರ ಲೋಹದ ಮೈಗೆ ಕರೆಂಟು ಹತ್ತಿತೆನ್ನಿ. ಆ ಕರೆಂಟು ಮುಟ್ಟಿದವರ ಮೈಯೊಳಗಿಂದ ನೆಲಕ್ಕೆ ಇಳಿಯುವ ಬದಲು ಈ ವೈರಿನಲ್ಲಿ ಇಳಿದುಹೋಗಲಿ ಎಂದು ಮಾಡಿಟ್ಟ ದಾರಿ ಅದು. ದಾರಿ ತೀರ ಸಣ್ಣದಾದರೆ ವೈರೇ ಸುಟ್ಟುಹೋದೀತು. ಅದಕ್ಕೇ, ಕರೆಂಟು ತರುವ ವೈರು ಇಷ್ಟು ದಪ್ಪವಿದ್ದರೆ ಅರ್ಥ್ ವೈರು ಇಷ್ಟಿರಲಿ ಎಂದು ಇಲಾಖೆಯ ಪುಸ್ತಕದಲ್ಲಿ ಕೋಷ್ಟಕವೇ ಇದೆ. ಸಣ್ಣ ವೈರಿಗೆ ಸರಿಸಮ, ದೊಡ್ಡದಕ್ಕೆ ಅರ್ಧ ಸಾಕು. ಆ "ಅರ್ಧ ಸಾಕು" ಎಂಬ ಮಾತು ಕಂಡರೆ ದಪ್ಪಣ್ಣನಿಗೆ ಮೈಯೆಲ್ಲ ಉರಿ.

"ಪುಸ್ತಕ ಬರೆದೋರು ಜಿಪುಣರು ಕಣ್ರೀ," ಎನ್ನುತ್ತಿದ್ದ. "ಪ್ರಾಣ ಕಾಯೋ ವೈರಲ್ಲಿ ಅರ್ಧ ಅಂತೆ ಅರ್ಧ! ನಿಮ್ಗೆ ತಟ್ಟೇಲಿ ಅರ್ಧ ಊಟ ಹಾಕಿದ್ರೆ ಸುಮ್ನೆ ಎದ್ದು ಹೋಗ್ತೀರಾ?"

ಸಹಿ ಹಾಕುವ ಪೆನ್ನು ಅವನ ಜೇಬಿನಲ್ಲಿರುವಾಗ ವಾದಿಸುವವರು ಯಾರು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಮುಂದೆ ನಾಲ್ಕನೆಯ ಕಾಲು ತೋರಿಸಲು ಹೋದವನ ಮನೆಗೆ ಕರೆಂಟು ಬರುವುದು ತಡವಾಗುತ್ತಿತ್ತು, ಅಷ್ಟೆ. ಮದುವೆಗೆ ಹೋದರೂ ಅವನದು ಇದೇ ಪಾಡು. ಜನವೆಲ್ಲ ಗಂಡುಹೆಣ್ಣಿನ ಜೋಡಿ ನೋಡುತ್ತಿದ್ದರೆ ಇವನು ಜನರೇಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಅದರ ಅರ್ಥ್ ವೈರು ಹೊಸೆಯುತ್ತಿದ್ದ. ಹೆಂಡತಿ ಹುಡುಕಿಕೊಂಡು ಬಂದು ಊಟಕ್ಕೆ ಎಬ್ಬಿಸಬೇಕಿತ್ತು.

ಇಂಥವನು ತನ್ನ ಮನೆ ಕಟ್ಟಿಸುವಾಗ ಬಿಟ್ಟಾನೆಯೇ? ಅವನ ಮನೆಗೆ ಹಾಕಿಸಿದ ಹಸಿರು ವೈರು ಹೆಬ್ಬೆರಳು ದಪ್ಪ. ಸಣ್ಣ ಕಾರ್ಖಾನೆಯೊಂದಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು. ನೆಂಟರು ಬಂದರೆ ಕೂರಿಸುವ ಮೊದಲೇ ಬೋರ್ಡಿನ ಹತ್ತಿರ ಕರೆದೊಯ್ದು, ಬಾಗಿಲು ತೆಗೆದು, "ಮುಟ್ಟಿ ನೋಡಿ, ಹೆದರ್ಬೇಡಿ" ಎನ್ನುತ್ತಿದ್ದ. ಅವರು ಹೆದರಿಕೊಂಡೇ ಮುಟ್ಟುತ್ತಿದ್ದರು. ಆಮೇಲೇ ಅವರಿಗೆ ಚಹಾ.

ಸೋರಿಕೆ ಕಂಡ ಕೂಡಲೇ ತಾನಾಗಿ ಬೀಳುವ ಸ್ವಿಚ್ಚೊಂದು ಬಂದಿದೆಯಲ್ಲ, ಅದನ್ನು ಅವನು ತನ್ನ ಮನೆಗೆ ಹಾಕಿಸಲಿಲ್ಲ. ಅದೆಲ್ಲ ಅರ್ಥಿನಲ್ಲಿ ಜುಗ್ಗತನ ಮಾಡಿದವರಿಗೆ ಎಂದುಬಿಟ್ಟ. ಬಚ್ಚಲಿನ ನೀರಿನ ಪೈಪಿನ ಕತೆ ಇನ್ನೂ ಚೆಂದ. ಬಚ್ಚಲಲ್ಲಿ ಕೈಗೆ ಸಿಗುವ ಪೈಪನ್ನೂ ಒಂದು ವೈರಿನಿಂದ ಅರ್ಥಿಗೆ ಕಟ್ಟಬೇಕು ಎಂದು ನಿಯಮವಿದೆ. ದಪ್ಪಣ್ಣನಿಗೆ ಅದು ಬಾಯಿಪಾಠ. ಆದರೆ ಆ ವೈರೂ ಹೆಬ್ಬೆರಳು ದಪ್ಪವೇ ಆಗಬೇಕೆಂದು ಪಟ್ಟು ಹಿಡಿದ. ಅಷ್ಟು ದಪ್ಪದ ವೈರನ್ನು ಅಷ್ಟು ತೆಳ್ಳಗಿನ ಪೈಪಿಗೆ ಹಿಡಿದು ನಿಲ್ಲಿಸುವ ಕ್ಲಾಂಪು ಯಾವ ಅಂಗಡಿಯಲ್ಲೂ ಇರಲಿಲ್ಲ.

ಮನೆಗೆ ವೈರಿಂಗ್ ಮಾಡಿದವನನ್ನು ಊರೆಲ್ಲ "ಆಯ್ತುಸಾರ್" ಎಂದೇ ಕರೆಯುತ್ತಿತ್ತು. ಏನು ಹೇಳಿದರೂ ಅವನ ಉತ್ತರ ಅದೊಂದೇ ಆದ್ದರಿಂದ ಬೇರೆ ಹೆಸರು ಹುಡುಕುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವನು ತಲೆ ಕೆರೆದುಕೊಂಡು, "ಸದ್ಯಕ್ಕೆ ಮಾಮೂಲಿ ವೈರು ಹಾಕಿ ಕಟ್ಬಿಡ್ಲಾ ಸಾರ್?" ಎಂದ.

"ತೆಳ್ಳಗಿಂದು ಹಾಕೋ ಬದ್ಲು ಹಾಕ್ದೇ ಇರೋದೇ ವಾಸಿ. ಕ್ಲಾಂಪು ಬರ್ಲಿ."

"ಆಯ್ತು ಸಾರ್."

ಮಗಳು ಓದು ಮುಗಿಸಿದಳು, ಮದುವೆಯಾಯಿತು, ಮೊಮ್ಮಗಳೂ ಹುಟ್ಟಿದಳು. ಕ್ಲಾಂಪು ಮಾತ್ರ ಬರಲಿಲ್ಲ.

ಈ ನಡುವೆ ಮನೆಯ ಬಚ್ಚಲಿನ ನಲ್ಲಿ ಕಚ್ಚಲು ಶುರುಮಾಡಿತು. ಮೊದಲು ಕಚ್ಚಿಸಿಕೊಂಡವಳು ಹೆಂಡತಿ. "ರೀ, ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ," ಎಂದಳು. ದಪ್ಪಣ್ಣ ಕೂಡಲೇ ಬಚ್ಚಲಿಗೆ ಹೋಗಿ, ನಲ್ಲಿಯನ್ನು ಹಿಡಿದು, ತಿರುಗಿಸಿ, ಮತ್ತೆ ಹಿಡಿದು, "ಎಲ್ಲಿ? ಏನೂ ಇಲ್ವಲ್ಲ. ಚಳಿಗೆ ಕೈ ಮರಗಟ್ಟಿರ್ಬೇಕು," ಎಂದು ಹೊರಬಂದ. ಸುಳ್ಳು ಹೇಳಲಿಲ್ಲ ಪಾಪ, ಅವನಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಮೇಲಧಿಕಾರಿ, ಬರಿಗಾಲಲ್ಲಿ ಲೋಹ ಮುಟ್ಟುವವನು ನಮ್ಮ ಕಸುಬಿನವನೇ ಅಲ್ಲ ಎಂದು ಹೇಳಿಕೊಟ್ಟಿದ್ದ. ಅಂದಿನಿಂದ ದಪ್ಪಣ್ಣ ದಪ್ಪ ರಬ್ಬರ್ ಚಪ್ಪಲಿ ಇಲ್ಲದೆ ನೆಲಕ್ಕೆ ಕಾಲಿಟ್ಟವನಲ್ಲ. ಸ್ನಾನ ಮಾಡುವಾಗಲೂ ಚಪ್ಪಲಿ. ಮನೆಯವರೆಲ್ಲ ಬರಿಗಾಲು, ಇವನೊಬ್ಬ ರಬ್ಬರಿನ ಮೇಲೆ. ಕರೆಂಟಿಗೆ ಇವನ ಮೈಯೊಳಗಿಂದ ನೆಲಕ್ಕೆ ದಾರಿಯೇ ಇರಲಿಲ್ಲ. ಇದನ್ನು ಅವನು ಊರಿಗೆಲ್ಲ ವಿವರಿಸಬಲ್ಲ. ತನ್ನ ಕಾಲಿನ ಚಪ್ಪಲಿ ಮಾತ್ರ ಅವನ ಲೆಕ್ಕಕ್ಕೆ ಬರಲಿಲ್ಲ. ಅದು ಚಪ್ಪಲಿ ಎಂಬುದು ಮರೆತು ಕಾಲೇ ಆಗಿಹೋಗಿತ್ತು.

ಮೀಟರು ಹಿಡಿದು ಅಳೆಯಬಹುದಿತ್ತಲ್ಲ ಎನ್ನುತ್ತೀರಿ. ಅಳೆಯಬಹುದಿತ್ತು. ಆದರೆ ಅಷ್ಟು ದಪ್ಪ ವೈರಿರುವ ಮನೆಯಲ್ಲಿ, ಅದರ ಯಜಮಾನನೇ ಮೀಟರು ಹಿಡಿದು ನಿಲ್ಲುವುದೆಂದರೇನು! ಮರ್ಯಾದೆ ಎನ್ನುವುದು ಇಲ್ಲವೇ? ಅಳೆಯಲಿಲ್ಲ. ಬದಲಿಗೆ ದೂರು ಜೋರಾದಾಗ ಬೋರ್ಡಿನ ಹತ್ತಿರ ಇನ್ನೊಂದು ಹಸಿರು ವೈರು ಜೋಡಿಸಿದ.

ಹೆಂಡತಿ ಹೇಳಿ ಹೇಳಿ ಸಾಕಾಗಿ ತನ್ನ ದಾರಿ ತಾನು ನೋಡಿಕೊಂಡಳು. ನಲ್ಲಿಗೆ ಒಣಬಟ್ಟೆ ಸುತ್ತಿದಳು. ಅದು ಒದ್ದೆಯಾದಾಗ ಮರದ ಸೌಟಿನಿಂದ ತಿರುಗಿಸುವುದನ್ನು ಕಲಿತಳು. ಆದರೆ ಅವರ ಜೊತೆಗೇ ಇದ್ದ ಅವಳ ತಾಯಿ, ದಪ್ಪಣ್ಣನ ಅತ್ತೆ, ಸೌಟಿಗೆ ಸೋಲುವ ಹೆಂಗಸಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಳಿಯ ಹೆದರುವಂಥ ಬಾಯಿ.

"ಅಳಿಯಂದ್ರೇ, ಕಚ್ಚೋ ನಾಯಿ ಸಾಕಿದೋರನ್ನ ನೋಡಿದೀನಿ. ಕಚ್ಚೋ ನಲ್ಲಿ ಸಾಕಿದೋರು ನೀವೇ ಮೊದ್ಲು," ಎನ್ನುತ್ತಿದ್ದಳು.

"ಅತ್ತೇ, ನಮ್ಮನೆ ಅರ್ಥು ಎಷ್ಟು ದಪ್ಪ ಇದೆ ಗೊತ್ತಾ ನಿಮ್ಗೆ?"

"ನೂರು ಸಲ ತೋರ್ಸಿದೀರಿ. ನಲ್ಲಿಗೆ ತೋರ್ಸಿದೀರಾ?"

ತನ್ನನ್ನು ಹೀಯಾಳಿಸುವುದಕ್ಕೇ ಮುದುಕಿ ಈ ಕತೆ ಕಟ್ಟಿದ್ದಾಳೆಂದು ದಪ್ಪಣ್ಣ ದೃಢವಾಗಿ ನಂಬಿದ. ಹೆಂಡತಿ ತಾಯಿಯ ತಾಳಕ್ಕೆ ಕುಣಿಯುತ್ತಿದ್ದಾಳೆಂದೂ ನಂಬಿದ. ನಂಬಿಕೆಗೇನು ಬರ!

ಮಗಳು ಹಸುಗೂಸನ್ನು ಎತ್ತಿಕೊಂಡು ತವರಿಗೆ ಬಂದದ್ದು ಆಗ. ಕೆಲವು ತಿಂಗಳು ಇಲ್ಲೇ ಇರುವುದೆಂದು ಮಾತಾಗಿತ್ತು. ದಪ್ಪಣ್ಣನಿಗೆ ಆ ಕೂಸಿನ ಮೇಲೆ ಜೀವ. ಯಾರ ಮುಖವನ್ನೂ ನೋಡದೆ ಆಯಸ್ಸು ಕಳೆದವನು ಕಚೇರಿಯಿಂದ ಓಡೋಡಿ ಬಂದು ತೊಟ್ಟಿಲ ಪಕ್ಕ ಕೂತು ಅದರ ಮುಖವನ್ನೇ ನೋಡುತ್ತಿದ್ದ. ಅದು ಬೆರಳು ಹಿಡಿದರೆ, ಅದಾಗಿ ಬಿಡುವವರೆಗೂ ಬೆರಳು ಕದಲಿಸುತ್ತಿರಲಿಲ್ಲ. ಆದರೆ ಮನೆಯಲ್ಲಿ ಅಷ್ಟು ಒಳ್ಳೆಯ ಬಚ್ಚಲಿದ್ದೂ ಅತ್ತೆ ಒಲೆಯ ಮೇಲೆ ನೀರು ಕಾಯಿಸಿ, ಮಲಗುವ ಕೋಣೆಯಲ್ಲಿ ಪ್ಲಾಸ್ಟಿಕ್ ತೊಟ್ಟಿಯಿಟ್ಟು ಕೂಸಿಗೆ ಸ್ನಾನ ಮಾಡಿಸುತ್ತಿದ್ದಳು. ಇದು ಅವನಿಗೆ ಕಣ್ಣಲ್ಲಿ ಬಿದ್ದ ಕಸ.

ಒಂದು ರಜಾದಿನ ಬೆಳಿಗ್ಗೆ ಬೀಗರು ಗಂಡಹೆಂಡತಿ ಮೊಮ್ಮಗಳನ್ನು ನೋಡಲು ಬಂದರು. ಬೀಗರದು ಕನ್ನಡಕದ ಅಂಗಡಿ. ನಯವಾದ ಮನುಷ್ಯ. ಬೋರ್ಡಿನ ಹತ್ತಿರ ಕರೆದೊಯ್ದು ತೋರಿಸಿದಾಗ, "ದಪ್ಪ ಇದೆ, ದಪ್ಪ ಇದೆ" ಎಂದು ಎರಡು ಸಲ ಹೇಳಿದರು. ಬೀಗಿತ್ತಿ ಮಾತ್ರ ಮಲಗುವ ಕೋಣೆಯ ನೆಲದಲ್ಲಿ ನೀರು ಕಂಡು, "ಇದೇನು, ಮಗೂಗೆ ಇಲ್ಲಿ ಸ್ನಾನ? ಬಚ್ಚಲಿಗೆ ಏನಾಗಿದೆ?" ಎಂದು ಕೇಳಿದರು.

"ನಲ್ಲಿ ಕಚ್ಚುತ್ತೆ," ಎಂದಳು ಅತ್ತೆ, ಇವತ್ತು ಬಿಸಿಲು ಜಾಸ್ತಿ ಎನ್ನುವ ಧಾಟಿಯಲ್ಲಿ.

ಬೀಗರು ಬೀಗಿತ್ತಿ ಮುಖ ಮುಖ ನೋಡಿಕೊಂಡರು. ಬೀಗಿತ್ತಿ ಸೊಸೆಯ ಕಡೆ ತಿರುಗಿದರು. "ಹೌದೇನಮ್ಮ?" ಮಗಳು ಅಪ್ಪನ ಮುಖ ನೋಡಿ, ನೆಲ ನೋಡಿ, "ಹೂಂ" ಎಂದಳು.

"ಹಾಗಾದ್ರೆ ಬಟ್ಟೆ ತುಂಬ್ಕೊ ತಾಯಿ. ಕೂಸು ಇನ್ನು ಅಂಬೆಗಾಲಿಡೋ ಕಾಲ ಬಂತು. ನಮ್ಮನೆಗೆ ಹೋಗೋಣ."

ದಪ್ಪಣ್ಣ ಎದ್ದು ನಿಂತ. ಕೂಸು ಹೋಗುತ್ತದೆ. ಅದೂ ಕರೆಂಟಿನ ಹೆದರಿಕೆಯಿಂದ, ಅದೂ ಅವನ ಮನೆಯಿಂದ! ದುಃಖ ಮತ್ತು ಅವಮಾನ ಒಟ್ಟೊಟ್ಟಿಗೆ ಬಂದರೆ ಮನುಷ್ಯ ಅವಮಾನಕ್ಕೇ ಮೊದಲು ಉತ್ತರ ಕೊಡುತ್ತಾನೆ.

"ಯಾರೂ ಎಲ್ಲಿಗೂ ಹೋಗೋದು ಬೇಡ. ಇವತ್ತು ಕೂಸಿಗೆ ನಾನೇ ಸ್ನಾನ ಮಾಡಿಸ್ತೀನಿ. ಅದೇ ಬಚ್ಚಲಲ್ಲಿ, ಅದೇ ನಲ್ಲಿ ಕೆಳಗೆ. ಎಲ್ರೂ ಬಂದು ಕಣ್ಣು ಬಿಟ್ಕೊಂಡು ನೋಡಿ," ಎಂದ. "ಗೀಸರ್ ಆನಲ್ಲೇ ಇರ್ಲಿ. ಆಫ್ ಮಾಡಿ ತೋರ್ಸಿದ್ರೆ ಅದೇನು ಧೈರ್ಯ?"

ಬಚ್ಚಲ ಬಾಗಿಲಲ್ಲಿ ಮನೆಮಂದಿ ಗುಂಪುಗೂಡಿತು. ದಪ್ಪಣ್ಣ ಪಂಚೆ ಎತ್ತಿಕಟ್ಟಿ ಒಳಗೆ ಹೋಗಿ, ಪ್ಲಾಸ್ಟಿಕ್ ಮಣೆಯ ಮೇಲೆ ಕೂತು, ಕೂಸನ್ನು ಮಲಗಿಸಿಕೊಳ್ಳಲು ಎರಡೂ ಕಾಲು ಒದ್ದೆ ನೆಲಕ್ಕೆ ನೀಡಿದ. ಕೂಸು ಜಾರದಿರಲೆಂದು ಪಾದ ಜೋಡಿಸಬೇಕಲ್ಲ, ಎರಡು ರಬ್ಬರ್ ಚಪ್ಪಲಿ ಎದುರೆದುರು ನಿಂತವು.

"ಚಪ್ಪಲಿ ಕಾಲಿನ ಮೇಲೆ ಮಗೂನ ಹಾಕ್ಕೊಳ್ತೀರಾ ಬೀಗರೇ?" ಎಂದರು ಬೀಗಿತ್ತಿ, ಮೂಗಿನ ಮೇಲೆ ಸೆರಗು ಹಿಡಿದು. ಕರೆಂಟಿನ ಮಾತು ಅವರ ತಲೆಯಲ್ಲಿರಲಿಲ್ಲ, ಕೊಳೆಯ ಮಾತಿತ್ತು.

ದಪ್ಪಣ್ಣ ನಾಚಿ ಚಪ್ಪಲಿಗಳನ್ನು ಕಳಚಿ ಹೊರಗೆ ಎಸೆದ. ಮಗಳು ಬಟ್ಟೆ ಬಿಚ್ಚಿದ ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದಳು. "ತಾಳು, ನೀರು ಹದ ನೋಡ್ತೀನಿ," ಎಂದು ದಪ್ಪಣ್ಣ ನಲ್ಲಿಗೆ ಕೈ ಹಾಕಿದ.

ಬೆರಳ ತುದಿಯಿಂದ ಭುಜದವರೆಗೆ ಯಾರೋ ಒಳಗಿನಿಂದ ಚಾಟಿ ಬೀಸಿದಂತಾಯಿತು. ಕೈ ತಾನಾಗಿ ಕಿತ್ತು ಬಂದು ಎದೆಗೆ ಬಡಿಯಿತು. ಹಲ್ಲು ಹಲ್ಲಿಗೆ ತಾಗಿ ಸದ್ದಾಯಿತು. ಒಂದು ಕ್ಷಣ ಅವನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಮರುಕ್ಷಣ ಎಲ್ಲವೂ ತಿಳಿಯಿತು. ಬಾಗಿಲಲ್ಲಿದ್ದವರಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. "ಏನಾಯ್ತ್ರೀ?" ಎಂದಳು ಹೆಂಡತಿ.

ಇಲ್ಲಿ ನಿಜ ಹೇಳಬೇಕು. ದಪ್ಪಣ್ಣನ ನಾಲಿಗೆಯ ಮೇಲೆ ಮೊದಲು ಬಂದು ನಿಂತ ಮಾತು, "ಏನಿಲ್ಲ, ನೀರು ಬಿಸಿ ಇದೆ" ಎಂಬುದೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಅವನಿಗೆ ರೂಢಿ. "ಏ" ಎಂಬ ಅಕ್ಷರ ಹೊರಟೂ ಬಿಟ್ಟಿತ್ತು. ಆಗ ಮೇಲಿನಿಂದ ಇಳಿಯುತ್ತಿದ್ದ ಕೂಸು ಹೊಳೆಯುವ ನಲ್ಲಿಯನ್ನು ಕಂಡು, ಅದು ಬೇಕೆಂದು ಕೈ ಚಾಚಿತು.

"ಕೊಡ್ಬೇಡ!" ಎಂದು ದಪ್ಪಣ್ಣ ಕಿರುಚಿದ. "ಮಗೂನ ಕೊಡ್ಬೇಡ! ಹಿಂದಕ್ಕೆ ಹೋಗು! ಗೀಸರ್ ಆಫ್ ಮಾಡ್ರೋ!"

ಅಷ್ಟು ಜೋರಾಗಿ ಆ ಮನೆಯಲ್ಲಿ ಯಾರೂ ಎಂದೂ ಕೂಗಿರಲಿಲ್ಲ. ಕೂಸು ಹೆದರಿ ಅತ್ತಿತು. ದಪ್ಪಣ್ಣ ಅಲ್ಲೇ ಕೂತು ಗಡಗಡ ನಡುಗಿದ. ಕರೆಂಟು ಆಗಲೇ ಬಿಟ್ಟಿತ್ತು. ಈಗ ನಡುಗಿಸುತ್ತಿದ್ದದ್ದು ಆ ಪುಟ್ಟ ಕೈ. ಅತ್ತೆ ಹೋಗಿ ಸ್ವಿಚ್ಚು ಆರಿಸಿ ಬಂದಳು. ಇಂಥ ಗೆಲುವು ಸಿಕ್ಕ ದಿನ ಅವಳು ಮಾಡಿದ್ದು ಇಷ್ಟೇ: ಒಣ ಟವೆಲು ತಂದು ಅಳಿಯನ ಹೆಗಲ ಮೇಲೆ ಹಾಕಿದಳು.

ಆಯ್ತುಸಾರನಿಗೆ ಹೇಳಿಕಳಿಸಿದರು. ಅವನು ಬಂದು, ಮೇನ್ ಸ್ವಿಚ್ಚು ಇಳಿಸಿ, ಗೀಸರಿನ ಸಾಕೆಟ್ಟು ಬಿಚ್ಚಿದ. ದಪ್ಪಣ್ಣ ಬಗ್ಗಿ ನೋಡಿದ. ಹೆಬ್ಬೆರಳು ದಪ್ಪದ ಹಸಿರು ವೈರು ಗೋಡೆಯೊಳಗಿಂದ ಹೆಬ್ಬಾವಿನ ಹಾಗೆ ಬಂದಿತ್ತು, ಸರಿ. ಆದರೆ ಅದರ ತಾಮ್ರದ ಎಳೆಗಳಲ್ಲಿ ಬಹುಪಾಲು ಬಾಯಿಯ ಹತ್ತಿರ ಕತ್ತರಿಸಿಹೋಗಿದ್ದವು. ಸ್ಕ್ರೂವಿನ ಕೆಳಗೆ ಹೊಕ್ಕಿದ್ದದ್ದು ಎರಡೋ ಮೂರೋ ಎಳೆ. ಅವೂ ವೈರಿನ ಭಾರಕ್ಕೆ ಜಗ್ಗಿ ಜಗ್ಗಿ ಮುರಿದಿದ್ದವು. ಕೆಟ್ಟ ಗೀಸರಿನ ಕರೆಂಟು ನೆಲಕ್ಕಿಳಿಯಲು ದಾರಿಯಿಲ್ಲದೆ ಪೈಪು ಹಿಡಿದು ನಲ್ಲಿಗೆ ಬಂದಿತ್ತು. ಮೇಲೆ ಥಳಕು, ಒಳಗೆ ಹುಳುಕು.

"ಎಳೆ ಯಾಕಯ್ಯಾ ಕತ್ತರಿಸ್ದೆ?"

"ತೂತಿಗೆ ಹೋಗ್ಲಿಲ್ಲ ಸಾರ್. ಸಾಕೆಟ್ಟಿನ ತೂತು ಪುಸ್ತಕದ ಅಳತೆಗಿರುತ್ತೆ. ವೈರು ನಿಮ್ಮ ಅಳತೆದು. ಹೋಗಲ್ಲ ಸಾರ್ ಅಂತ ಆವತ್ತೇ ಹೇಳಿದ್ದೆ. ಹೋಗೋ ಹಾಗೆ ಮಾಡು ಅಂದ್ರಿ."

"ನೀನೇನಂದೆ?"

"ಆಯ್ತು ಸಾರ್ ಅಂದೆ."

ದಪ್ಪಣ್ಣ ಗೋಡೆಗೆ ಒರಗಿದ. ಕೇಳಬಾರದೆಂದುಕೊಂಡರೂ ಆ ಪ್ರಶ್ನೆ ಬಂದೇಬಿಟ್ಟಿತು. "ಬೇರೆ ಮನೆಗಳಲ್ಲಿ?"

"ತೂತು ಎಲ್ಲಾ ಕಡೆ ಒಂದೇ ಅಲ್ವಾ ಸಾರ್," ಎಂದ ಆಯ್ತುಸಾರ್, ಇದೇನು ಕೇಳುತ್ತಾರಪ್ಪ ಎನ್ನುವ ಮುಖದಲ್ಲಿ. "ನಾನೊಬ್ನೇ ಅಲ್ಲ, ಎಲ್ರೂ ಮಾಡೋದು ಹೀಗೇ. ಬೋರ್ಡಲ್ಲಿ ದೊಡ್ಡ ಬೋಲ್ಟಿರುತ್ತೆ, ಎಷ್ಟು ದಪ್ಪದ್ದೂ ಕೂರುತ್ತೆ. ಸಾರು ನೋಡೋದೂ ಅಲ್ಲೇ. ಆ ಕಡೆ ದಪ್ಪ ಬಿಡಿ, ಈ ಕಡೆ ಕತ್ತರಿಸಿ ಅಂತ ಕೆಲ್ಸಕ್ಕೆ ಹೊಸದಾಗಿ ಸೇರ್ದೋರಿಗೆ ಮೊದ್ಲು ಹೇಳಿಕೊಡೋದೇ ಅದು ಸಾರ್. ನಿಮ್ಮ ಮೇಲಿನ ಗೌರವ."

ಕೋಷ್ಟಕದಲ್ಲಿದ್ದ ಅಳತೆಯ ವೈರನ್ನು ತಂದರು. ಅದು ತೂತಿನೊಳಗೆ ಸಲೀಸಾಗಿ ಹೋಗಿ ಕೂತಿತು. ಪೈಪಿಗೆ ಮಾಮೂಲಿ ವೈರು, ಮಾಮೂಲಿ ಕ್ಲಾಂಪು ಹಾಕಿ ಕಟ್ಟಿದರು. ಮಗಳಿಗೆ ಮಗಳು ಹುಟ್ಟುವವರೆಗೂ ಕಾದ ಕೆಲಸ, ಬೀಗರಿಗೆ ಕೊಟ್ಟ ಚಹಾ ಆರುವುದರೊಳಗೆ ಮುಗಿಯಿತು. ಸೋರುತ್ತಿದ್ದ ಗೀಸರನ್ನು ಕಿತ್ತು ಹೊರಗಿಟ್ಟರು. ಮೇನ್ ಸ್ವಿಚ್ಚು ಮತ್ತೆ ಏರಿಸಿ, ದಪ್ಪಣ್ಣ ಬರಿಗಾಲಲ್ಲಿ ನಿಂತು ನಲ್ಲಿ ಮುಟ್ಟಿದ. ಬರೀ ತಣ್ಣಗಿತ್ತು. ಬೀಗಿತ್ತಿಯೂ ಮುಟ್ಟಿ ನೋಡಿ, ತುಂಬಿಸಿದ್ದ ಚೀಲದಿಂದ ಮಗುವಿನ ಬಟ್ಟೆಗಳನ್ನು ತಾವೇ ಹೊರತೆಗೆದಿಟ್ಟರು.

ಕೂಸು ಉಳಿಯಿತು. ಆದರೆ ದಪ್ಪಣ್ಣನಿಗೆ ಊಟ ಸೇರಲಿಲ್ಲ. ಅವನು ಸಹಿ ಹಾಕಿದ ಮನೆಗಳೆಲ್ಲ ಕಣ್ಣೆದುರು ಬಂದವು. ಎಲ್ಲ ಮನೆಯಲ್ಲೂ ಒಂದು ಕೂಸು, ಎಲ್ಲ ಕೂಸಿಗೂ ಕೈ. ಮರುದಿನ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಸಾಹೇಬರು ಬಾಗಿಲು ಹಾಕಿಸಿ, "ರಿಟೈರಾಗೋ ಹೊತ್ನಲ್ಲಿ ಇದ್ಯಾಕ್ರೀ ನಿಮ್ಗೆ? ಇದುವರೆಗೂ ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ?" ಎಂದರು. ಯಾರೂ ಕೊಟ್ಟಿರಲಿಲ್ಲ. ಆ ಮಾತು ದಪ್ಪಣ್ಣನಿಗೆ ತುಸು ಸಮಾಧಾನ ಕೊಟ್ಟಿತು. ಎಲ್ಲರ ಮನೆಯ ಗೀಸರೂ ಕೆಟ್ಟಿರಬೇಕೆಂದೇನಿಲ್ಲ. ಕೆಟ್ಟಿದ್ದರೆ ಜನ ಸುಮ್ಮನಿರುತ್ತಾರೆಯೇ? ಆದರೂ ನೋಡಿಬಿಡೋಣವೆಂದು ಸ್ಕ್ರೂಡ್ರೈವರು ಜೇಬಿಗೆ ಹಾಕಿಕೊಂಡು ಪಕ್ಕದ ಬೀದಿಯ ಮೊದಲ ಮನೆಯ ಬಾಗಿಲು ತಟ್ಟಿದ.

ಅದು ಬಟ್ಟೆ ಹೊಲಿಯುವ ಹೆಂಗಸಿನ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಮೇಜು, ಮೇಜಿನ ಮೇಲೆ ದೊಡ್ಡ ಕಬ್ಬಿಣದ ಇಸ್ತ್ರಿಪೆಟ್ಟಿಗೆ. ಇನ್ಸ್‌ಪೆಕ್ಟರು ತಾವಾಗಿ ಬಂದರೆಂದು ಆಕೆ ಸಡಗರಪಟ್ಟು ಕುರ್ಚಿ ಒರೆಸಿದಳು. ದಪ್ಪಣ್ಣ ಕೂರಲಿಲ್ಲ. ಆಕೆಯ ಬರಿಗಾಲು ನೋಡಿ, ಮುಖ ನೋಡಿ, "ಅಮ್ಮಾ, ಆ ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೆ ಏನಾದ್ರೂ ಅನ್ನಿಸುತ್ತಾ?" ಎಂದು ಕೇಳಿದ.

"ಅಯ್ಯೋ, ನಿಮ್ಗೂ ಗೊತ್ತಾಯ್ತಾ ಸಾರ್?" ಎಂದಳು ಆಕೆ. "ಮೈಯೆಲ್ಲ ಜುಮ್ಮನ್ನುತ್ತೆ. ನಂಗೂ ಅಷ್ಟೆ, ನಮ್ಮ ನಾದಿನಿಗೂ ಅಷ್ಟೆ. ಮೊದ್ಲು ಕರೆಂಟೇ ಇರ್ಬೇಕು ಅಂತ ಹೆದರಿದ್ವಿ. ಆಮೇಲೆ ನಮ್ಮನೆಯವ್ರು ಅಂದ್ರು, ದಪ್ಪಣ್ಣ... ತಪ್ಪು ತಿಳ್ಕೋಬೇಡಿ ಸಾರ್, ನೀವು ನೋಡಿ ಸಹಿ ಹಾಕಿದ ಮನೇಲಿ ಕರೆಂಟು ಹೇಗೆ ಬರುತ್ತೆ, ನಮ್ಮಿಬ್ಬರ ಮೈಯಲ್ಲೇ ಏನೋ ಇದೆ ಅಂದ್ರು. ಡಾಕ್ಟ್ರ ಹತ್ರ ಹೋದ್ವಿ. ನರದ ಮಾತ್ರೆ ಕೊಟ್ಟಿದಾರೆ. ಇಬ್ರೂ ತಗೋತಾ ಇದೀವಿ."

"ಆ ಮಾತ್ರೆ ಇವತ್ತಿಂದ ಬೇಡಮ್ಮ," ಎಂದ ದಪ್ಪಣ್ಣ.

"ಬೇಡ ಅಂದ್ರೆ ಹೇಗೆ ಸಾರ್? ಗುಣ ಆಗ್ತಾ ಇದೆ. ಮೊದ್ಲಿನಷ್ಟು ಈಗ ಗೊತ್ತೇ ಆಗಲ್ಲ."

ದಪ್ಪಣ್ಣ ಹೋಗಿ ಮೇನ್ ಸ್ವಿಚ್ಚು ಇಳಿಸಿದ.